ಥರ್ಟಿ-ಫಾರ್ಟಿ ಸೈಟಿಗೆ ಒಸಿ ಬೇಡ ಅಂತಾರೆ, ಹಾಗಾದರೆ ನಮಗೆ ಮೀಟರ್ ಯಾಕೆ ಸಿಗುತ್ತಿಲ್ಲ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಬೆಂಗಳೂರಿನ ಉತ್ತರ ಭಾಗದಲ್ಲಿ ನಮ್ಮದು 30×40 ಅಡಿಯ ಸೈಟ್. 2023ರಲ್ಲಿ ಗ್ರೌಂಡ್ ಪ್ಲಸ್ 2ಕ್ಕೆ ಪ್ಲಾನ್ ಮಂಜೂರಾಯಿತು. ಮಹಡಿಗೆ ಏಳು ಚದರದಂತೆ (700 ಚದರಡಿ) ಮೂರು ಮನೆ ಕಟ್ಟಿದೆವು. ಮೇಸ್ತ್ರಿ ಮಾತು ಕೇಳಿ, ಅದರ ಮೇಲೆ 420 ಚದರಡಿಯ ಇನ್ನೊಂದು ಸಿಂಗಲ್ ಬೆಡ್‌ರೂಮ್ ಮನೆಯನ್ನೂ ಹಾಕಿದೆವು. ಎಡಗಡೆ ಗಡಿಯಿಂದ ಒಂದು ಮೀಟರ್ ಖಾಲಿ ಜಾಗ (ಸೆಟ್‌ಬ್ಯಾಕ್) ಬಿಡಬೇಕಿತ್ತು. ನೆಲದ ಮಟ್ಟದಲ್ಲಿ ಬಿಟ್ಟಿದ್ದೇವೆ. ಆದರೆ ಮೊದಲ ಮಹಡಿಯಿಂದ ಮೇಲೆ ಬಟ್ಟೆ ಒಗೆಯುವ ಯುಟಿಲಿಟಿ ಮುಕ್ಕಾಲಡಿ ಹೊರಗೆ ಬಂದಿದೆ. ಈಗಲೂ ಕಟ್ಟುವಾಗ ತಗೊಂಡ ತಾತ್ಕಾಲಿಕ ಕರೆಂಟಿನಲ್ಲೇ ನಡೆಸುತ್ತಿದ್ದೇವೆ. ಬಿಲ್ ವಿಪರೀತ ಬರ್ತಿದೆ. 1200 ಚದರಡಿವರೆಗೆ ಒಸಿ (ಕಟ್ಟಿ ಮುಗಿದ ಮನೆಯಲ್ಲಿ ವಾಸಕ್ಕೆ ಪಾಲಿಕೆ ಕೊಡುವ ಪ್ರಮಾಣಪತ್ರ) ಬೇಡ ಎಂದು ಪೇಪರಿನಲ್ಲಿ ಓದಿದೆವು, ಆದರೆ ಕಚೇರಿಯಲ್ಲಿ ಒಪ್ಪುತ್ತಿಲ್ಲ. ದಂಡ ಕಟ್ಟಿ ಸಕ್ರಮ ಮಾಡಿಸುವ ಅಕ್ರಮ-ಸಕ್ರಮ ಯೋಜನೆ ಬರುತ್ತೆ, ಕಾಯಿರಿ ಅಂತ ಒಬ್ಬರು ಹೇಳುತ್ತಾರೆ. ಇನ್ನೊಬ್ಬರು ದುಡ್ಡು ಕೊಟ್ಟರೆ ಒಸಿ ಮಾಡಿಸಿಕೊಡ್ತೀನಿ ಅಂತಾರೆ. ಕೆಳಗಿನ ಮನೆಯನ್ನು ಪಾರ್ಕಿಂಗ್ ಮಾಡಿದರೆ ಸರಿಹೋಗುತ್ತೆ ಅಂತ ನಮ್ಮ ತಮ್ಮ ಹೇಳ್ತಿದ್ದಾನೆ. ಯಾರ ಮಾತು ನಂಬಲಿ? ಬಂದು ಕೆಡವಿಬಿಡ್ತಾರಾ ಅನ್ನೋ ಭಯಕ್ಕೆ ರಾತ್ರಿ ನಿದ್ದೆ ಬರೋದಿಲ್ಲ.

ಉತ್ತರ: ಮೇಡಂ, ನಿಮ್ಮ ಕಾಗದದಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಒಟ್ಟಿಗೆ ಗಂಟು ಬಿದ್ದಿವೆ. ಕರೆಂಟ್ ಮೀಟರ್ ಒಂದು, ಪ್ಲಾನ್ ಮೀರಿ ಕಟ್ಟಿದ್ದು ಇನ್ನೊಂದು, ಆ ಮೇಲಿನ ಮನೆಯ ಭಾರವನ್ನು ಕೆಳಗಿನ ಕಾಲಂಗಳು ಹೊರುತ್ತವೆಯೇ ಎಂಬುದು ಮೂರನೆಯದು. ಮೂರನೆಯದನ್ನು ನೀವು ಕೇಳಿಲ್ಲ. ಪ್ಲಾನ್ ಮಾಡಿಸಿ, ಒಸಿ ಬರುವವರೆಗೂ ಮನೆಯವರ ಜೊತೆ ಓಡಾಡುವ ಕೆಲಸದಲ್ಲಿರುವ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದೇ.

ಮೊದಲು ಭಯದ ಮಾತು ಮುಗಿಸೋಣ. ನಾಳೆ ಬೆಳಗ್ಗೆ ಯಾರೂ ಜೆಸಿಬಿ ತಂದು ನಿಲ್ಲಿಸುವುದಿಲ್ಲ. ನೋಟಿಸ್ ಕೊಡದೆ, ಉತ್ತರ ಹೇಳಲು ಕನಿಷ್ಠ 15 ದಿನ ಬಿಡದೆ, ಮಾಲೀಕರ ಮಾತು ಕೇಳದೆ ಖಾಸಗಿ ಕಟ್ಟಡ ಕೆಡವಬಾರದು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ರಸ್ತೆ, ಫುಟ್‌ಪಾತ್, ಕೆರೆ ಕಾಲುವೆಯಂಥ ಸಾರ್ವಜನಿಕ ಜಾಗದ ಒತ್ತುವರಿಗೆ ಈ ರಕ್ಷಣೆ ಇಲ್ಲ. ನಿಮ್ಮದು ಸ್ವಂತ ಸೈಟ್. ಹಾಗಂತ ನೋಟಿಸ್ ಬಂದರೆ ಮಡಚಿ ಬೀರುವಿನಲ್ಲಿ ಇಡಬೇಡಿ. ಉತ್ತರ ಕೊಡದೆ ದಿನ ಕಳೆದವರ ಕೇಸೇ ಜಾಸ್ತಿ ಕೆಡುವುದು. ಬರೆದ ಉತ್ತರ ಕೊಡಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.

ಇನ್ನು, ಮೊದಲೆಲ್ಲ ಸುಲಭಕ್ಕೆ ಸಿಗುತ್ತಿದ್ದ ಮೀಟರ್ ಈಗ ಯಾಕೆ ನಿಂತಿತು? 2024ರ ಡಿಸೆಂಬರ್ 17ರಂದು ಉತ್ತರ ಪ್ರದೇಶದ ಮೀರತ್‌ನ ಒಂದು ಕಟ್ಟಡದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಸೂಚನೆಗಳಿವೆ. ಒಸಿ ಅಥವಾ ಕಂಪ್ಲೀಷನ್ ಸರ್ಟಿಫಿಕೇಟ್ ನೋಡಿದ ಮೇಲೆಯೇ ಕರೆಂಟ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು. ಬ್ಯಾಂಕುಗಳು ಕಟ್ಟಡದ ಮೇಲೆ ಸಾಲ ಕೊಡುವ ಮುಂಚೆ ಅದನ್ನು ಪರಿಶೀಲಿಸಬೇಕು. ತಪ್ಪಾಗಿ ಸರ್ಟಿಫಿಕೇಟ್ ಕೊಟ್ಟ ಅಧಿಕಾರಿಯ ಮೇಲೂ ಇಲಾಖಾ ಕ್ರಮ ಆಗಬೇಕು. ಈ ಕೊನೆಯ ಮಾತಿನಿಂದಲೇ ಕಚೇರಿಗಳ ಗಾಳಿ ಬದಲಾಯಿತು. ಮೊದಲು ‘ಸ್ವಲ್ಪ ಅಡ್ಜಸ್ಟ್ ಮಾಡೋಣ’ ಎನ್ನುತ್ತಿದ್ದವರು ಈಗ ತಮ್ಮ ಕೆಲಸ ಉಳಿಸಿಕೊಳ್ಳುವುದನ್ನು ನೋಡುತ್ತಾರೆ. ಅದು ತಪ್ಪೂ ಅಲ್ಲ. 2025ರ ಏಪ್ರಿಲ್ ಹೊತ್ತಿಗೆ ಬೆಸ್ಕಾಂ ಕೂಡ ಒಸಿ ಇಲ್ಲದ ಹೊಸ ಮನೆಗಳಿಗೆ ಕಾಯಂ ಸಂಪರ್ಕ ನಿಲ್ಲಿಸಿತು. ಸಾವಿರಾರು ಜನ ನಿಮ್ಮ ಹಾಗೆಯೇ ಸಿಕ್ಕಿಕೊಂಡರು.

ಆ ಗೋಳು ಕೇಳಿಯೇ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ವಿನಾಯಿತಿ ತಂದಿತು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಡಿ ಬಂದ ಆದೇಶ ಅದು. ನೀವು ಓದಿದ್ದು ಇದನ್ನೇ. ಆದರೆ ‘1200 ಚದರಡಿವರೆಗೆ ಒಸಿ ಬೇಡ’ ಎನ್ನುವುದು ಅದರ ಅರ್ಧ ಭಾಗ ಮಾತ್ರ. ಸೈಟ್ 1200 ಚದರಡಿ ಮೀರಬಾರದು. ಅದರ ಜೊತೆಗೆ ಕಟ್ಟಡ ಗ್ರೌಂಡ್ ಪ್ಲಸ್ 2 ಅಥವಾ ಸ್ಟಿಲ್ಟ್ (ಕೆಳಗೆ ಬರೀ ಕಾಲಂ ನಿಂತ ಪಾರ್ಕಿಂಗ್ ಮಹಡಿ) ಪ್ಲಸ್ 3 ಒಳಗಿರಬೇಕು. ವಾಸದ ಮನೆಯೂ ಆಗಿರಬೇಕು, ಕೆಳಗೆ ಅಂಗಡಿ ಮಳಿಗೆ ಹಾಕಿದವರಿಗೆ ಇದು ದಕ್ಕುವುದಿಲ್ಲ. ನಿಮ್ಮ ಕಟ್ಟಡ ಈಗ ಗ್ರೌಂಡ್ ಪ್ಲಸ್ 3. ನಿಮಗೂ ಕಾಯಂ ಮೀಟರಿಗೂ ನಡುವೆ ನಿಂತಿರುವುದು ಆ 420 ಚದರಡಿಯ ಮನೆ. ಕೌಂಟರಿನಲ್ಲಿ ಕೂತವರು ನಿಮಗೆ ಅನ್ಯಾಯ ಮಾಡುತ್ತಿಲ್ಲ, ಕಾರಣ ಬಿಡಿಸಿ ಹೇಳುವ ತಾಳ್ಮೆ ಅವರಿಗಿಲ್ಲ ಅಷ್ಟೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ವಿನಾಯಿತಿ ಇರುವುದು ಒಸಿಗೆ, ಪ್ಲಾನಿಗಲ್ಲ. ಮಂಜೂರಾದ ಪ್ಲಾನ್ ಇಲ್ಲದೆ ಕಟ್ಟಿದವರು ‘ನಮ್ಮದೂ ಥರ್ಟಿ-ಫಾರ್ಟಿ ಅಲ್ವಾ’ ಅಂದರೆ ನಡೆಯುವುದಿಲ್ಲ. ನಿಮ್ಮ ಹತ್ತಿರ ಪ್ಲಾನ್ ಇದೆ. ಅದು ದೊಡ್ಡ ಬಲ. ಇ-ಖಾತಾದಲ್ಲಿ ಸೈಟಿನ ಅಳತೆ ಏನಿದೆ ಎಂದೂ ನೋಡಿಕೊಳ್ಳಿ. ಸರಿಯಾದ 30×40 ಅಂದರೆ 111.48 ಚದರ ಮೀಟರ್. ಮೂಲೆ ಸೈಟುಗಳಲ್ಲಿ, ಸೊಟ್ಟ ಸೈಟುಗಳಲ್ಲಿ ಕ್ರಯಪತ್ರದಲ್ಲಿ 1200 ಇದ್ದು ಖಾತಾದಲ್ಲಿ 1230 ಇರುವುದನ್ನು ನೋಡಿದ್ದೇನೆ. ಹಾಗಿದ್ದರೆ ವಿನಾಯಿತಿಯ ಲೆಕ್ಕವೇ ಬೇರೆಯಾಗುತ್ತದೆ.

ಈಗ ಅಕ್ರಮ-ಸಕ್ರಮ. ಇದನ್ನು ನಂಬಿ ವರ್ಷಗಟ್ಟಲೆ ಕಾದು ಕೂತವರನ್ನು ಕಂಡು ನನಗೆ ನಿಜವಾಗಿ ಸಂಕಟವಾಗುತ್ತದೆ. ಅದರ ನಿಯಮಗಳು ಬಂದದ್ದು 2014ರಲ್ಲಿ. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆ ತಡೆ ತೆರವಾದರೂ ನಿಮಗೆ ಪ್ರಯೋಜನವಿಲ್ಲ ಮೇಡಂ. ಆ ಯೋಜನೆ ಇರುವುದು 2013ರ ಅಕ್ಟೋಬರ್ 19ಕ್ಕೆ ಮುಂಚೆ ಕಟ್ಟಿದವರಿಗೆ. ನಿಮ್ಮ ಪ್ಲಾನ್ ಮಂಜೂರಾದದ್ದೇ 2023ರಲ್ಲಿ. ಕಾಯಿರಿ ಅಂದವರಿಗೆ ಈ ದಿನಾಂಕ ಗೊತ್ತಿರಲಿಕ್ಕಿಲ್ಲ.

‘ದುಡ್ಡು ಕೊಡಿ, ಒಸಿ ಮಾಡಿಸ್ತೀನಿ’ ಅನ್ನುವವರ ವಿಚಾರ ಚಿಕ್ಕದು. ಒಂದೋ ಅವರು ನಾಲ್ಕನೇ ಮನೆ ಕಾಣದ ಹಾಗೆ ಹಳೆ ಫೋಟೊ ಹಾಕಿ ಅರ್ಜಿ ಕೊಡುತ್ತಾರೆ, ಇಲ್ಲವೇ ನಕಲಿ ಕಾಗದ ತರುತ್ತಾರೆ. ಎರಡರಲ್ಲೂ ಸಹಿ ನಿಮ್ಮದು. ಇವತ್ತು ನಿಮ್ಮ ತೊಂದರೆ ಕಟ್ಟಡದ ಉಲ್ಲಂಘನೆ ಮಾತ್ರ. ಆ ಕಾಗದ ಕೊಟ್ಟ ದಿನ ಅದು ಮೋಸದ ಕೇಸಾಗುತ್ತದೆ. ಬೇಡವೇ ಬೇಡ.

ಹಾಗಾದರೆ ಇರುವ ಕಟ್ಟಡವನ್ನೇ ಇದ್ದ ಹಾಗೆ ದಂಡ ಕಟ್ಟಿ ಸಕ್ರಮ ಮಾಡಿಸಲು ಆಗುವುದಿಲ್ಲವೇ? ಸ್ವಲ್ಪ ಲೆಕ್ಕ ಹಾಕೋಣ. ಬೆಂಗಳೂರಿನಲ್ಲಿ 2003ರ ಕಟ್ಟಡ ಬೈಲಾ ಪ್ರಕಾರ ಸೆಟ್‌ಬ್ಯಾಕ್, ನೆಲ ವ್ಯಾಪ್ತಿ, ಎಫ್‌ಎಆರ್ (ಎಲ್ಲ ಮಹಡಿ ಸೇರಿ ಸೈಟಿನ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕ), ಎತ್ತರ ಈ ನಾಲ್ಕರಲ್ಲಿ ಶೇ 5ರೊಳಗಿನ ವ್ಯತ್ಯಾಸವನ್ನು, ಒಡೆದರೆ ಕಟ್ಟಡಕ್ಕೆ ಪೆಟ್ಟಾಗುತ್ತದೆ ಅನ್ನಿಸಿದಾಗ, ಕಾರಣ ಬರೆದು, ತಿದ್ದಿದ ಪ್ಲಾನ್ ಮಾಡಿಸಿ, ಶುಲ್ಕ ಕಟ್ಟಿಸಿಕೊಂಡು ಒಪ್ಪಬಹುದು. ಶೇ 5 ಅಂದರೆ ಎಷ್ಟು ಅನ್ನುವುದು ಜನರ ಮನಸ್ಸಿಗೆ ಬರುವುದಿಲ್ಲ. ಒಂದು ಮೀಟರ್ ಸೆಟ್‌ಬ್ಯಾಕಿಗೆ ಶೇ 5 ಅಂದರೆ ಐದು ಸೆಂಟಿಮೀಟರ್, ಎರಡು ಇಂಚು. ಹೊರಗೋಡೆಗೆ ಗಾರೆ ಮಾಡಿ, ಅದರ ಮೇಲೆ ಕಲ್ಲಿನ ಕ್ಲ್ಯಾಡಿಂಗ್ ಅಂಟಿಸಿದರೇ ಎರಡು ಇಂಚು ಹೋಗಿಬಿಡುತ್ತದೆ. ನಿಮ್ಮ ಯುಟಿಲಿಟಿ ಬಂದಿರುವುದು ಒಂಬತ್ತು ಇಂಚು, ಸುಮಾರು 23 ಸೆಂಟಿಮೀಟರ್.

ಎಫ್‌ಎಆರ್ ನೋಡಿ. ನಿಮ್ಮ ಪ್ಲಾನಿನಲ್ಲಿರುವ ಕೋಷ್ಟಕದಲ್ಲಿ ಅದನ್ನು ಬರೆದಿರುತ್ತಾರೆ. ಇಂಥ ಸೈಟಿಗೆ ಸಾಮಾನ್ಯವಾಗಿ 1.75 ಇರುತ್ತದೆ. 1200ಕ್ಕೆ 1.75 ಅಂದರೆ ಒಟ್ಟು 2100 ಚದರಡಿ ಕಟ್ಟಬಹುದು. ಏಳು ಚದರದ ಮೂರು ಮನೆ ಸೇರಿದರೆ ಸರಿಯಾಗಿ 2100. ಅಲ್ಲಿಗೇ ನಿಮ್ಮ ಪಾಲು ಮುಗಿಯಿತು. ಅದರ ಮೇಲೆ 420 ಅಂದರೆ ಶೇ 20 ಜಾಸ್ತಿ. ಶೇ 5ರ ಬಾಗಿಲಲ್ಲಿ ಇದು ತೂರುವುದಿಲ್ಲ. ಮೆಟ್ಟಿಲಿನ ಹೆಡ್‌ರೂಮ್, ಲಿಫ್ಟ್ ರೂಮ್ ಎಫ್‌ಎಆರ್ ಲೆಕ್ಕಕ್ಕೆ ಬರುವುದಿಲ್ಲ ನಿಜ. ಆದರೆ ಅಡುಗೆಮನೆ, ಬಚ್ಚಲು ಇರುವ ಮನೆಯನ್ನು ಹೆಡ್‌ರೂಮ್ ಅನ್ನಲಾಗದು.

ನಿಮ್ಮ ತಮ್ಮ ಹೇಳಿದ್ದರಲ್ಲಿ ಹುರುಳಿದೆ. ಇದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಪಾರ್ಕಿಂಗ್ ಜಾಗವನ್ನು ಎಫ್‌ಎಆರ್‌ಗೆ ಹಿಡಿಯುವುದಿಲ್ಲ. ನೆಲಮಹಡಿ ಪೂರ್ತಿ ಪಾರ್ಕಿಂಗ್ ಆದರೆ ಉಳಿಯುವುದು 700, 700, 420. ಒಟ್ಟು 1820. 2100ರ ಒಳಗೇ ಆಯಿತು. ಕಟ್ಟಡ ಸ್ಟಿಲ್ಟ್ ಪ್ಲಸ್ 3 ಆಗುವುದರಿಂದ ಒಸಿ ವಿನಾಯಿತಿಯ ಒಳಗೂ ಬರುತ್ತದೆ. ಕಾಗದದ ಮೇಲೆ ಲೆಕ್ಕ ಸರಿ. ಕಷ್ಟ ಇರುವುದು ಮನೆಯಲ್ಲಿ.

ನಿಮ್ಮ ಪ್ಲಾನ್ ಮಂಜೂರಾಗಿರುವುದು ಗ್ರೌಂಡ್ ಪ್ಲಸ್ 2 ಎಂದು. ಸ್ಟಿಲ್ಟ್ ಪ್ಲಸ್ 3ಕ್ಕೆ ತಿದ್ದಿದ ಪ್ಲಾನ್ ಮಂಜೂರಾಗಬೇಕು. ಎತ್ತರದ ಮಿತಿಯೂ ಆಗ ಲೆಕ್ಕಕ್ಕೆ ಬರುತ್ತದೆ. ಪಾರ್ಕಿಂಗ್ ಅಂದರೆ ಕಾರು ನಿಜವಾಗಿ ಒಳಗೆ ಬರಬೇಕು. ಒಂದು ಕಾರಿಗೆ ಎರಡೂವರೆ ಮೀಟರ್ ಅಗಲ, ಐದೂವರೆ ಮೀಟರ್ ಉದ್ದ ಬೇಕು. ಮನೆ ಎಂದು ಹಾಕಿದ ಕಾಲಂಗಳ ನಡುವೆ ಬಹಳ ಸಲ ಅಷ್ಟು ಜಾಗ ಸಿಗುವುದಿಲ್ಲ. ಮನೆಯ ನೆಲ ರಸ್ತೆಗಿಂತ ಎರಡಡಿ ಮೇಲಿದ್ದರೆ ರ‍್ಯಾಂಪ್ ಎಲ್ಲಿಂದ ತರುತ್ತೀರಿ? ರಸ್ತೆಗೆ ಚಾಚಿದರೆ ಅದು ಇನ್ನೊಂದು ಉಲ್ಲಂಘನೆ. ಇವೆಲ್ಲ ಸರಿಹೋದರೂ ಕೆಳಗಿನ ಗೋಡೆಗಳನ್ನು ತೆಗೆಯುವ ಪ್ರಶ್ನೆ ಉಳಿಯುತ್ತದೆ. ಆರ್‌ಸಿಸಿ ಫ್ರೇಮ್ ಮನೆಯಲ್ಲಿ ಗೋಡೆ ಭಾರ ಹೊರುವುದಿಲ್ಲ ಅಂತ ಹೇಳುತ್ತಾರೆ. ಆದರೆ ಕಟ್ಟಡ ಅಡ್ಡಕ್ಕೆ ಅಲುಗದ ಹಾಗೆ ಬಿಗಿ ಕೊಡುವುದರಲ್ಲಿ ಅವುಗಳ ಪಾಲಿದೆ. ಮೇಲಿನ ಮೂರು ಮಹಡಿಯಲ್ಲಿ ಗೋಡೆ ಗಟ್ಟಿಯಾಗಿದ್ದು, ಕೆಳಗೆ ಬರೀ ಕಾಲಂ ನಿಂತರೆ ನೆಲಮಹಡಿ ಮೆತ್ತಗಾಗುತ್ತದೆ. ಭೂಕಂಪದಲ್ಲಿ ಮೊದಲು ಸೋಲುವುದು ಇಂಥ ಮಹಡಿಯೇ. ಮೊದಲಿನಿಂದಲೇ ಸ್ಟಿಲ್ಟ್ ಎಂದು ಡಿಸೈನ್ ಮಾಡಿದ ಕಟ್ಟಡದಲ್ಲಿ ಕಾಲಂಗಳ ಗಾತ್ರ, ಕಂಬಿ, ರಿಂಗುಗಳ ಅಂತರ ಅದಕ್ಕೆ ತಕ್ಕ ಹಾಗೆ ಇರುತ್ತವೆ. ನಿಮ್ಮದು ಹಾಗಿಲ್ಲದೆ ಇರಬಹುದು.

ಪರಿಶೀಲನೆಯ ದಿನಕ್ಕೆ ಮಾತ್ರ ಗೋಡೆ ಒಡೆದು ಆಮೇಲೆ ಮತ್ತೆ ಕಟ್ಟುವ ಯೋಚನೆ ಯಾರಾದರೂ ತಲೆಗೆ ತುಂಬಿದರೆ ಕೇಳಬೇಡಿ. ಒಸಿ ಕೊಟ್ಟ ಮೇಲೂ ಪ್ಲಾನ್ ಮೀರಿದ್ದು ಕಂಡರೆ ಕ್ರಮ ತಗೋಬಹುದು ಎಂದು ಅದೇ ಡಿಸೆಂಬರ್ ತೀರ್ಪು ಹೇಳಿದೆ.

ಈಗ ನಾನು ಮೊದಲೇ ಹೇಳಿದ ಮೂರನೇ ವಿಷಯ. ನಿಮ್ಮ ಪಾಯ, ಕಾಲಂಗಳನ್ನು ಎಷ್ಟು ಮಹಡಿಗೆ ಡಿಸೈನ್ ಮಾಡಿದ್ದಾರೆ? 420 ಚದರಡಿ ಅಂದರೆ ಸುಮಾರು 39 ಚದರ ಮೀಟರ್. ಐದು ಇಂಚಿನ ಮೋಲ್ಡ್ ಹಾಕಿದ್ದರೆ ಆ ಸ್ಲ್ಯಾಬ್ ಒಂದರ ತೂಕವೇ 12 ಟನ್ ದಾಟುತ್ತದೆ. ಸಾಲಿಡ್ ಬ್ಲಾಕ್ ಗೋಡೆ, ಗಾರೆ, ಟೈಲ್ಸ್, ಸಾಮಾನು, ಮೇಲೆ ಕೂರಿಸಿದ ನೀರಿನ ಟ್ಯಾಂಕ್ ಎಲ್ಲ ಅದರ ಮೇಲೆ. ಮೇಸ್ತ್ರಿ ‘ಏನೂ ಆಗಲ್ಲ’ ಅಂದಿರುತ್ತಾರೆ. ಅವರು ಕೆಟ್ಟವರೆಂದಲ್ಲ, ಆ ಲೆಕ್ಕ ಅವರ ಕೆಲಸ ಅಲ್ಲ. 2024ರ ಅಕ್ಟೋಬರ್ ಮಳೆಯಲ್ಲಿ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಕಾರ್ಮಿಕರು ಸತ್ತದ್ದು ನಿಮಗೆ ನೆನಪಿರಬಹುದು. ನಿಮ್ಮ ಮನೆ ಹಾಗಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ನಾಲ್ಕು ಸಂಸಾರ ಮಲಗುವ ಕಟ್ಟಡ ಅದು. ಸರಿಯಿದೆ ಅನ್ನುವುದು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಸಹಿಯಿಂದ ನಿಮಗೆ ಗೊತ್ತಾಗಬೇಕು. ಸ್ಟ್ರಕ್ಚರಲ್ ಡ್ರಾಯಿಂಗ್ ಹುಡುಕಿ. ಫುಟಿಂಗ್ ಗಾತ್ರ, ಕಾಲಂ ಕಂಬಿಗಳ ವಿವರ ಅದರಲ್ಲಿರುತ್ತದೆ. ಕೆಲವು ಎಂಜಿನಿಯರ್‌ಗಳು ಮುಂದೆ ಬೇಕಾದೀತು ಎಂದು ಒಂದು ಮಹಡಿ ಹೆಚ್ಚಿಗೆ ಹಿಡಿದೇ ಡಿಸೈನ್ ಮಾಡಿರುತ್ತಾರೆ. ಡ್ರಾಯಿಂಗ್ ಸಿಗದಿದ್ದರೆ ಕಾಂಕ್ರೀಟಿನ ಗಟ್ಟಿತನ, ಒಳಗಿನ ಕಂಬಿ ನೋಡಲು ಗೋಡೆ ಒಡೆಯದ ಪರೀಕ್ಷೆಗಳಿವೆ. ಕೆಳಗಿನ ಮನೆಯಲ್ಲಿ ಕಾಲಂ ಬೀಮು ಕೂಡುವ ಕಡೆ ಓರೆ ಬಿರುಕು ಕಂಡರೆ ಇನ್ನೆಲ್ಲ ಬಿಟ್ಟು ಮೊದಲು ಅದನ್ನು ತೋರಿಸಿ.

ನನ್ನ ಅಭಿಪ್ರಾಯ ಕೇಳಿದರೆ, ಮೇಲಿನ ಮನೆ ಬಿಟ್ಟುಕೊಡಿ. ಬಾಡಿಗೆ ಹೋಗುತ್ತದೆ, ಕಟ್ಟಲು ಹಾಕಿದ ದುಡ್ಡೂ ಹೋಗುತ್ತದೆ. ನಿವೃತ್ತಿಯ ಹಣ ಅಂತ ಊಹಿಸಬಲ್ಲೆ, ಅದಕ್ಕೇ ಸುಮ್ನೆ ಬಾಯಿಮಾತಿಗೆ ಹೇಳುತ್ತಿಲ್ಲ. ಅದನ್ನು ತೆಗೆದರೆ ಕಟ್ಟಡ ಪ್ಲಾನಿನಲ್ಲಿರುವ ಹಾಗೆ ಗ್ರೌಂಡ್ ಪ್ಲಸ್ 2 ಆಗುತ್ತದೆ, ವಿನಾಯಿತಿ ಸಿಗುತ್ತದೆ, ಪಾಯದ ಮೇಲಿನ ಭಾರ ಇಳಿಯುತ್ತದೆ. ಮನೆಯ ದರದ ಮೀಟರ್ ಬಂದ ಮೇಲೆ ಗೃಹಜ್ಯೋತಿಗೂ ಅರ್ಜಿ ಹಾಕಬಹುದು. ಕಟ್ಟಡ ಕೆಲಸದ ತಾತ್ಕಾಲಿಕ ಸಂಪರ್ಕಕ್ಕೆ ಅದು ಸಿಗುವುದಿಲ್ಲ. ಪೂರ್ತಿ ಬಯಲು ಮಾಡಬೇಕಿಲ್ಲ. ಮೆಟ್ಟಿಲಿನ ಹೆಡ್‌ರೂಮ್ ಪ್ಲಾನಿನಲ್ಲಿ ಎಷ್ಟಿದೆಯೋ ಅಷ್ಟು ಉಳಿಸಿಕೊಳ್ಳಿ. ಸ್ಲ್ಯಾಬ್ ಒಡೆಯುವಾಗ ಸುತ್ತಿಗೆ, ಬ್ರೇಕರ್ ಹಾಕಿ ಕೆಳಗಿನ ಮೋಲ್ಡ್ ಅದುರಿಸಬಾರದು, ತುಂಡು ತುಂಡಾಗಿ ಕೊಯ್ದು ಇಳಿಸುವವರನ್ನು ಕರೆಸಿ. ಒಡೆದ ಕಾಂಕ್ರೀಟನ್ನು ಕೆಳಗಿನ ಸ್ಲ್ಯಾಬ್ ಮೇಲೆ ರಾಶಿ ಹಾಕಲು ಬಿಡಬೇಡಿ.

ಕೆಳಗಿನ ಮನೆಯ ಬಾಡಿಗೆಗಿಂತ ಮೇಲಿನದೇ ಮುಖ್ಯ, ಎಂಜಿನಿಯರ್ ಲೆಕ್ಕ ಹಾಕಿ ಕಾಲಂಗಳು ತಡೆಯುತ್ತವೆ ಎಂದು ಬರೆದುಕೊಟ್ಟರು, ಕಾರೂ ಒಳಗೆ ಬರುತ್ತದೆ ಅನ್ನುವ ಹಾಗಿದ್ದರೆ ಮಾತ್ರ ತಮ್ಮನ ದಾರಿ ನೋಡಿ. ಪ್ಲಾನ್ ಮಂಜೂರಾಗುವವರೆಗೆ ಗೋಡೆ ಮುಟ್ಟಬೇಡಿ.

ಮೂರನೆಯ ದಾರಿ ಈಗಿನ ಹಾಗೇ ಮುಂದುವರಿಯುವುದು. ತಾತ್ಕಾಲಿಕ ದರ ಕಟ್ಟುತ್ತಾ ಹೋಗುತ್ತೀರಿ. ಮನೆ ಮಾರಲು, ಮಕ್ಕಳು ಅದರ ಮೇಲೆ ಸಾಲ ತೆಗೆಯಲು ಹೋದಾಗ ಇದೇ ಪ್ರಶ್ನೆ ಇನ್ನೂ ದೊಡ್ಡದಾಗಿ ಬರುತ್ತದೆ. ಆಸ್ತಿ ತೆರಿಗೆ ಕಟ್ಟಿದ ರಸೀದಿ ತೋರಿಸಿದರೆ ಸಕ್ರಮ ಆಗುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಆಗುವುದಿಲ್ಲ.

ಯುಟಿಲಿಟಿಯ ಒಂಬತ್ತು ಇಂಚು ಸಣ್ಣ ಕೆಲಸ. ಒಸಿ ವಿನಾಯಿತಿ ಸಿಕ್ಕಿದ ಮಾತ್ರಕ್ಕೆ ಸೆಟ್‌ಬ್ಯಾಕ್ ಉಲ್ಲಂಘನೆ ಮಾಯವಾಗುವುದಿಲ್ಲ, ಪಕ್ಕದ ಮನೆಯವರು ದೂರು ಕೊಟ್ಟರೆ ಅದೇ ಸಾಕು. ಅದಕ್ಕೆ ಮೇಲಿನ ಕೆಲಸ ಮಾಡುವ ತಂಡ ಇರುವಾಗಲೇ ಇದನ್ನೂ ಮುಗಿಸಿ. ಹೊರಗೆ ಚಾಚಿದ ಸ್ಲ್ಯಾಬಿನಲ್ಲಿ ಮುಖ್ಯ ಕಂಬಿ ಮೇಲ್ಭಾಗದಲ್ಲಿ ಇರುತ್ತದೆ, ಹಿಡಿತ ಇರುವುದು ಗೋಡೆಯ ಕಡೆ. ತುದಿಯಲ್ಲಿ ಕೊಯ್ದರೆ ಭಾರ ಕಡಿಮೆಯಾಗುತ್ತದೆ, ತೊಂದರೆ ಇಲ್ಲ. ಕೊಯ್ದ ಕಡೆ ಕಾಣುವ ಕಂಬಿಯ ತುದಿಗಳಿಗೆ ತುಕ್ಕು ನಿರೋಧಕ ಬಳಿದು ಗಾರೆ ಮುಚ್ಚಬೇಕು. ಹಾಗೇ ಬಿಟ್ಟರೆ ಎರಡು ಮಳೆಗಾಲದಲ್ಲಿ ಕಾಂಕ್ರೀಟ್ ಉದುರಲು ಶುರುವಾಗುತ್ತದೆ. ವಾಷಿಂಗ್ ಮೆಷಿನ್ ಪೈಪು, ಗ್ರಿಲ್ ಒಳಗೆ ಸರಿಸಬೇಕಾಗುತ್ತದೆ. ಗೋಡೆಯ ಅಳತೆ ತೆಗೆಯುವಾಗ ಗಾರೆಯ ಹೊರಮೈಯಿಂದ ತೆಗೆಸಿ, ಬ್ಲಾಕಿನಿಂದಲ್ಲ.

ಇದೆಲ್ಲ ಮುಗಿದ ಮೇಲೆ, ವಿನಾಯಿತಿ ಇದ್ದರೂ ಒಸಿಗೆ ಅರ್ಜಿ ಹಾಕಿ ಎಂದೇ ನಾನು ಹೇಳುತ್ತೇನೆ. ಬೈಲಾ ಪ್ರಕಾರ ಕೆಲಸ ಮುಗಿದ ಒಂದು ತಿಂಗಳೊಳಗೆ ಎಂಜಿನಿಯರ್ ಸರ್ಟಿಫಿಕೇಟ್ ಜೊತೆ ಪಾಲಿಕೆಗೆ ತಿಳಿಸಬೇಕು. ಅವರು ಸ್ಥಳ ನೋಡಿ 30 ದಿನದೊಳಗೆ ಹೌದು ಅಥವಾ ಇಲ್ಲ ಎಂದು ಹೇಳಬೇಕು. ಆಗ ಪ್ಲಾನ್, ಲೈಸೆನ್ಸ್ ಜೊತೆಗೆ ಕಮೆನ್ಸ್‌ಮೆಂಟ್ ಸರ್ಟಿಫಿಕೇಟ್ ಕೂಡ ಕೇಳುತ್ತಾರೆ. ಪಾಯ ಹಾಕುವ ಹಂತದಲ್ಲಿ ಅದನ್ನು ತಗೊಂಡಿದ್ದೀರಾ ನೋಡಿ, ಸಣ್ಣ ಮನೆಗಳಲ್ಲಿ ಜಾಸ್ತಿ ತಪ್ಪಿಹೋಗುವ ಕಾಗದ ಅದೇ. 1200 ಚದರಡಿಯ ಹೊಸ ಮನೆಗೆ ಮಳೆನೀರು ಕೊಯ್ಲು ಕಡ್ಡಾಯ, ಅದರ ಗುಂಡಿ, ಪೈಪು ಇಲ್ಲದಿದ್ದರೆ ಈಗಲೇ ಮಾಡಿಸಿ. ಇಲ್ಲದಿದ್ದರೆ ಜಲಮಂಡಳಿ ಬಿಲ್ಲಿನಲ್ಲಿ ದಂಡ ಸೇರಿಸುತ್ತದೆ.

ಸೈಟ್ ಇದ್ದು ಇನ್ನೂ ಕಟ್ಟದವರು ಇದನ್ನು ಓದುತ್ತಿದ್ದರೆ ಒಂದು ಮಾತು. 50×80ವರೆಗಿನ ಸೈಟುಗಳಿಗೆ ‘ನಂಬಿಕೆ ನಕ್ಷೆ’ ಎಂಬ ಯೋಜನೆಯಲ್ಲಿ ಎಂಜಿನಿಯರ್ ಮೂಲಕವೇ ಪ್ಲಾನ್ ಬೇಗ ಸಿಗುತ್ತದೆ. ಬೇಗ ಸಿಕ್ಕಿತು ಅಂತ ಹೆಚ್ಚುವರಿ ಮಹಡಿಯ ಆಸೆ ಬೇಡ. ಅಲ್ಲಿ ಜವಾಬ್ದಾರಿ ಪೂರ್ತಿ ನಿಮ್ಮದು ಮತ್ತು ನಿಮ್ಮ ಎಂಜಿನಿಯರದು.

ಮೇಡಂ, ಈ ವಾರ ನೀವು ಮಾಡಬೇಕಾದದ್ದು ಎರಡು. ಕಟ್ಟುವಾಗ ಇದ್ದ ಎಂಜಿನಿಯರ್ ಹತ್ತಿರ ಸ್ಟ್ರಕ್ಚರಲ್ ಡ್ರಾಯಿಂಗ್ ಕೇಳಿ ತೆಗೆದುಕೊಳ್ಳಿ. ನೋಂದಾಯಿತ ಎಂಜಿನಿಯರ್ ಒಬ್ಬರಿಂದ ಈಗ ನಿಂತಿರುವ ಕಟ್ಟಡದ ಅಳತೆ ನಕ್ಷೆ ಮಾಡಿಸಿ, ಮಂಜೂರಾದ ಪ್ಲಾನಿನ ಪಕ್ಕದಲ್ಲಿಟ್ಟು ಪ್ರತಿ ಬದಿಯ ವ್ಯತ್ಯಾಸವನ್ನು ಸೆಂಟಿಮೀಟರಿನಲ್ಲಿ ಬರೆಸಿಕೊಳ್ಳಿ. ಬಲಗಡೆ ಮತ್ತು ಹಿಂದುಗಡೆ ಎಷ್ಟು ಬಿಟ್ಟಿದ್ದೀರಿ ಎಂದು ನಿಮ್ಮ ಕಾಗದದಲ್ಲಿಲ್ಲ, ಅಲ್ಲೂ ಅಳೆಯಲಿ. ಮಧ್ಯವರ್ತಿಗೆ ಮುಂಗಡ ಕೊಟ್ಟಿದ್ದರೆ ವಾಪಸ್ ಕೇಳಿ. ನಿಮ್ಮ ಮೂಲ ಪ್ಲಾನ್, ಕ್ರಯಪತ್ರ ಅವರ ಕೈಯಲ್ಲಿದ್ದರೆ ಇವತ್ತೇ ಮನೆಗೆ ತಂದುಬಿಡಿ.